ನಡುಮನೆಯ ಬಲ್ಬು

ನಮ್ಮ ಮನೆಯಲ್ಲಿ ಓಡುವಂತಿರಲಿಲ್ಲ. ಎಲ್ಲ ಮನೆಗಳಲ್ಲೂ ಮಕ್ಕಳಿಗೆ ಓಡಬೇಡಿ ಅನ್ನುತ್ತಾರೆ, ಅಂದವರೇ ಆಮೇಲೆ ಮರೆಯುತ್ತಾರೆ. ನಮ್ಮಲ್ಲಿ ಅದು ಮರೆಯುವ ಮಾತಾಗಿರಲಿಲ್ಲ. ನೆಲಕ್ಕೆ ಹಾಸಿದ್ದು ಕಡಪದ ಕಲ್ಲು. ನಡುಮನೆಯ ಬಾಗಿಲ ಬಳಿ ಒಂದು ಚಪ್ಪಡಿ ಸಡಿಲವಾಗಿತ್ತು. ಅದರ ಮೇಲೆ ಕಾಲಿಟ್ಟರೆ ಪಕ್ಕದ ಕತ್ತಲ ಕೋಣೆಯ ಮೇಜು ಅಲುಗುತ್ತಿತ್ತು, ಮೇಜು ಅಲುಗಿದರೆ ಅದರ ಮೇಲಿದ್ದ ಎನ್‌ಲಾರ್ಜರ್ ಅಲುಗುತ್ತಿತ್ತು, ಆಗ ಯಾರದೋ ಮದುವೆಯ ಹೆಣ್ಣಿಗೆ ಎರಡು ಮೂಗು ಬರುತ್ತಿದ್ದವು. ಅಪ್ಪ ಶಿಡ್ಲಘಟ್ಟದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಬೀದಿಗೆ ತೆರೆದ ಕೋಣೆ ಸ್ಟುಡಿಯೋ, ಅದರ ಹಿಂದೆ ನಡುಮನೆ, ನಡುಮನೆಯ ಪಕ್ಕಕ್ಕೆ ಮೊದಲು ದವಸ ಇಡುತ್ತಿದ್ದ ಉಗ್ರಾಣ. ಆ ಉಗ್ರಾಣವೇ ಅಪ್ಪನ ಕತ್ತಲ ಕೋಣೆ. ಬಾಗಿಲ ಸಂದಿಯಲ್ಲಿ ಬೆಳಕು ನುಸುಳಬಾರದೆಂದು ನಡುಮನೆಯ ಗಾಜಿನ ಹೆಂಚಿಗೂ ಅವನು ಟಾರು ಕಾಗದ ಅಂಟಿಸಿದ್ದರಿಂದ ನಮಗೆ ಹಗಲು ಅನ್ನುವುದು ಬೀದಿಯಲ್ಲಿ ಮಾತ್ರ ಇತ್ತು. ಬೀದಿಯ ತುಂಬ ರೇಷ್ಮೆ ಬಿಚ್ಚುವ ಮಷಿನ್‌ಗಳು, ಬೇಯುವ ಗೂಡಿನ ವಾಸನೆ. ಒಳಗೆ ನಾವಿಬ್ಬರೇ. ಅಮ್ಮ ನನಗೆ ಮೂರು ವರ್ಷವಾಗಿದ್ದಾಗಲೇ ತೀರಿಹೋಗಿದ್ದಳು.

ಎನ್‌ಲಾರ್ಜರ್ ಕಾಣದವರಿಗೆ ಹೇಳುತ್ತೇನೆ. ಬೆರಳಗಲದ ನೆಗೆಟಿವ್‌ನ ಮೂಲಕ ಬೆಳಕು ಹಾಯಿಸಿ, ಕೆಳಗಿಟ್ಟ ಕಾಗದದ ಮೇಲೆ ಅಂಗೈಯಗಲದ ಮುಖ ಬೀಳುವಂತೆ ಮಾಡುವ ಯಂತ್ರ ಅದು. ಅದರ ತಲೆಯೊಳಗೆ ಹಾಲು ಬಣ್ಣದ ಒಂದು ಬಲ್ಬು. ಅಂಗಡಿಯಲ್ಲಿ ಸಿಗುವ ಮಾಮೂಲಿ ಬಲ್ಬು ಅದಕ್ಕಾಗದು, ಗಾಜಿನ ನೆತ್ತಿಯ ಮೇಲೆ ಅಚ್ಚೊತ್ತಿದ ಅಕ್ಷರದ ನೆರಳು ಹೋಗಿ ಮದುಮಗನ ಹಣೆಯ ಮೇಲೆ ಕೂರುತ್ತದೆ. ಅಚ್ಚಿಲ್ಲದ ಬಲ್ಬಿಗೆ ಬೆಂಗಳೂರಿಗೇ ಹೋಗಬೇಕು, ಹೋದರೂ ಒಂದು ಸಿಕ್ಕರೆ ಪುಣ್ಯ. ಹಾಗಾಗಿ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಆರೈಕೆ ಸಿಗುತ್ತಿದ್ದದ್ದು ಆ ಬಲ್ಬಿಗೆ. ಅದನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಅಮ್ಮನ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಹಿಡಿಯಬೇಕು. ಉರಿದು ಬಿಸಿಯಾಗಿರುವಾಗ ಯಂತ್ರದ ತಲೆಯನ್ನು ಮೇಲೆ ಕೆಳಗೆ ಸರಿಸುವಂತಿಲ್ಲ. ಬೆಳಗ್ಗೆ ಮಷಿನ್‌ಗಳು ನಡೆಯುವಾಗ ಕರೆಂಟು ಏರಿಳಿಯುತ್ತದೆಂದು ಅಪ್ಪ ಪ್ರಿಂಟಿಗೆ ಕೈ ಹಾಕುತ್ತಲೇ ಇರಲಿಲ್ಲ. ಅವು ನಿಂತು, ಊರಿನ ದೀಪಗಳು ಇನ್ನೂ ಹತ್ತದ ಹೊತ್ತು, ನಾಲ್ಕರಿಂದ ಆರು, ಅವನ ಕೆಲಸದ ವೇಳೆ. ನಾನು ಶಾಲೆಯಿಂದ ಬರುತ್ತಿದ್ದದ್ದೂ ಅದೇ ನಾಲ್ಕಕ್ಕೆ.

ಬಲ್ಬುಗಳು ಉರಿಯುತ್ತ ಸಾಯುವುದಕ್ಕಿಂತ ಹೊತ್ತಿಸಿದ ಕ್ಷಣದಲ್ಲಿ ಸಾಯುವುದೇ ಹೆಚ್ಚು ಎಂಬುದು ಅಪ್ಪನ ಅನುಭವ. ತಣ್ಣಗಿರುವ ತಂತಿಗೆ ಪೂರ್ತಿ ಕರೆಂಟು ಒಮ್ಮೆಲೇ ನುಗ್ಗಬಾರದು. ಅದಕ್ಕೆ ಅವನು ಒಂದು ಉಪಾಯ ಹೂಡಿದ್ದ. ಒಳಗಿನ ಬಲ್ಬಿಗೆ ಹೋಗುವ ಕರೆಂಟು ಮೊದಲು ನಡುಮನೆಯ ಮೂಲೆಯಲ್ಲಿ ನೇತುಹಾಕಿದ ಇನ್ನೊಂದು ಬಲ್ಬನ್ನು ಹಾದು ಹೋಗುತ್ತಿತ್ತು. ಎರಡೂ ಒಂದೇ ದಾರದಲ್ಲಿ ಪೋಣಿಸಿದ್ದರಿಂದ ಪಾಲು ಹಂಚಿಕೊಂಡು ಎರಡೂ ಮಂಕಾಗಿ, ಕಿತ್ತಳೆ ಬಣ್ಣಕ್ಕೆ ಉರಿಯುತ್ತಿದ್ದವು. ಒಳಗಿನ ತಂತಿ ಹೀಗೆ ಬೆಚ್ಚಗೆ ಕಾಯುತ್ತಿರುತ್ತಿತ್ತು. ಕಾಗದಕ್ಕೆ ಬೆಳಕು ಕೊಡಬೇಕಾದಾಗ ಅಪ್ಪ ಒಂದು ಸ್ವಿಚ್ಚು ಒತ್ತುತ್ತಿದ್ದ. ಕರೆಂಟು ನಡುಮನೆಯ ಬಲ್ಬನ್ನು ಬಿಟ್ಟು ನೇರ ಒಳಕ್ಕೆ ಹೋಗುತ್ತಿತ್ತು, ಒಳಗೆ ಪೂರ್ತಿ ಬೆಳಕು, ಹೊರಗೆ ನನ್ನ ತಲೆಯ ಮೇಲೆ ಪೂರ್ತಿ ಕತ್ತಲು. ಹೊರಗಿನ ಬೆಳಕು ಕೋಣೆಯ ಕಡೆ ಬೀಳದಂತೆ ಆ ಬಲ್ಬಿಗೆ ಅರ್ಧ ಕತ್ತರಿಸಿದ ಎಣ್ಣೆ ಡಬ್ಬಿಯ ಮರೆ ಇತ್ತು. ಅದರ ಕೆಳಗೆ ನನ್ನ ಚಾಪೆ.

ನನಗೆ ಆ ಬಲ್ಬೇ ಅಪ್ಪ. ಅದು ಕಿತ್ತಳೆಯಾಗಿ ಉರಿಯುತ್ತಿದ್ದರೆ ಅವನು ಟ್ರೇಯಲ್ಲಿ ಕಾಗದ ಅದ್ದುತ್ತಿದ್ದಾನೆ, ನಾನು ಎದ್ದು ನೀರು ಕುಡಿಯಬಹುದು, ಕೆಮ್ಮಬಹುದು. ಅದು ಆರಿದರೆ ಎಲ್ಲಿದ್ದೆನೋ ಅಲ್ಲೇ ಹಾಗೇ ನಿಲ್ಲಬೇಕು. ನಿಂತು ಎಣಿಸುತ್ತಿದ್ದೆ. ಬಾಗಿಲ ಆಚೆ ಅಪ್ಪನೂ ಗುನುಗುತ್ತ ಎಣಿಸುತ್ತಿದ್ದ, ಒಂದು, ಎರಡು, ಮೂರು. ಹೊಸ ಬಲ್ಬಾದರೆ ಎಂಟಕ್ಕೆ ನಿಲ್ಲಿಸುತ್ತಿದ್ದ. ತಿಂಗಳುಗಳು ಕಳೆದು ಬಲ್ಬಿನ ಗಾಜು ಒಳಗಿಂದ ಮಸುಕಾದಂತೆ ಎಣಿಕೆ ಹತ್ತಾಗುತ್ತಿತ್ತು, ಹನ್ನೆರಡಾಗುತ್ತಿತ್ತು. ಅವನು ನಿಲ್ಲಿಸುವುದಕ್ಕೂ ನಾನು ನಿಲ್ಲಿಸುವುದಕ್ಕೂ ದೀಪ ಹತ್ತುವುದಕ್ಕೂ ಸರಿಹೋದರೆ ನನಗೆ ಆ ದಿನವೆಲ್ಲ ಖುಷಿ. ಕೆಲಸ ಮುಗಿದಾಗ ಸ್ವಿಚ್ಚನ್ನು ಎರಡು ಸಲ ಒತ್ತಿ ಬಿಡುತ್ತಿದ್ದ, ಬಲ್ಬು ಎರಡು ಸಲ ಕಣ್ಣು ಹೊಡೆಯುತ್ತಿತ್ತು. ಟೀಗೆ ಇಡು ಅಂತ ಅರ್ಥ. ಅಪ್ಪ ಮಾತಿನ ಮನುಷ್ಯನಲ್ಲ. ಹೊರಗೆ ಬಂದ ಮೇಲೂ ಮುದ್ದೆ ತೊಳಸಿ, ಉಪ್ಸಾರು ಬಡಿಸಿ, ನನ್ನ ಎದುರಿಗೆ ಕೂತು ತಿನ್ನುತ್ತಿದ್ದ, ಅಷ್ಟೇ. ಅವನ ಕೈಯಿಂದ ಫೋಟೋ ತೊಳೆಯುವ ಹೈಪೋದ ವಾಸನೆ ಹೋಗುತ್ತಲೇ ಇರಲಿಲ್ಲ, ಮುದ್ದೆಗೂ ಸ್ವಲ್ಪ ತಾಕುತ್ತಿತ್ತು. ಬಾಗಿಲು ಹಾಕಿಕೊಂಡ ಆ ಎರಡು ಗಂಟೆಯಲ್ಲೇ ಅವನು ನನ್ನ ಜೊತೆ ಹೆಚ್ಚು ಇರುತ್ತಿದ್ದ ಅಂದರೆ ಯಾರೂ ನಂಬುವುದಿಲ್ಲ.

ಬಲ್ಬು ಸತ್ತರೆ ಅಪ್ಪ ಬೆಂಗಳೂರಿಗೆ ಹೋಗುತ್ತಿದ್ದ. ಮೊದಲು ಚಿಂತಾಮಣಿಯ ಇನ್ನೊಬ್ಬ ಫೋಟೋದವರನ್ನು ಕೇಳಿ ನೋಡುತ್ತಿದ್ದ, ಅವರ ಹತ್ತಿರವೂ ಇರುತ್ತಿರಲಿಲ್ಲ. ಹೋದರೆ ಒಂದು ರಾತ್ರಿ, ಕೆಲವು ಸಲ ಎರಡು. ಆಗ ನಾನು ಎದುರು ಮನೆಯ ಜುಬೇದಮ್ಮನ ಮನೆಯಲ್ಲಿ. ಅವರದು ರೇಷ್ಮೆ ಬಿಚ್ಚುವ ಮನೆ, ಆರು ಜನ ಮಕ್ಕಳು, ಒಂದು ಹೊತ್ತೂ ಗಲಾಟೆ ನಿಂತದ್ದಿಲ್ಲ. ನನಗೆ ಅಲ್ಲಿ ತಿನ್ನಲು ಏನೂ ಕಡಿಮೆಯಾಗಲಿಲ್ಲ, ಆದರೆ ಅಷ್ಟು ಜನರ ನಡುವೆ ಅನ್ನಿಸುತ್ತಿದ್ದಷ್ಟು ಒಂಟಿತನ ನನಗೆ ನಮ್ಮ ಕತ್ತಲ ನಡುಮನೆಯಲ್ಲಿ ಅನ್ನಿಸಿರಲಿಲ್ಲ. ಒಮ್ಮೆ ಎಲ್ಲರೂ ಉಣ್ಣುತ್ತಿದ್ದಾಗ ಕರೆಂಟು ಹೋಯಿತು. ಮಕ್ಕಳು ಹೋ ಅಂತ ಕೂಗಿ ಒಬ್ಬರ ತಟ್ಟೆಗೆ ಒಬ್ಬರು ಕೈ ಹಾಕಿದರು. ನಾನು ತುತ್ತು ಬಾಯಿಯ ಹತ್ತಿರ ಹಿಡಿದು ಹಾಗೇ ಕೂತೆ. ಜುಬೇದಮ್ಮ ಲಾಟೀನು ತಂದಾಗಲೂ ಹಾಗೇ ಇದ್ದೆ.

"ಕ್ಯಾ ಹುವಾ ಬೇಟಿ? ಯಾಕೆ ಹಂಗೆ ಬೊಂಬೆ ಆಗ್ಬಿಟ್ಟೆ?"

"ಎಣಿಸ್ತಾ ಇದೀನಿ."

"ಏನನ್ನ?"

ನಾನು ತುತ್ತನ್ನು ಬಾಯಿಗಿಟ್ಟುಕೊಂಡೆ. ಮಕ್ಕಳು ನಕ್ಕರು. ಅಂದಿನಿಂದ ಆ ಮನೆಯಲ್ಲಿ ನನ್ನ ಹೆಸರು ಗುಡಿಯಾ, ಅಂದರೆ ಬೊಂಬೆ, ಆಯಿತು.

ಹೀಗಿರುವಾಗ ಗೌರಿಬಿದನೂರಿನಿಂದ ಅಪ್ಪನ ಅಕ್ಕ ಬಂದಳು. ನಮ್ಮತ್ತೆ ದೊಡ್ಡ ಗಂಟಲಿನ, ದೊಡ್ಡ ಮನಸ್ಸಿನ ಹೆಂಗಸು. ಎರಡೂ ಒಟ್ಟಿಗೇ ಕೆಲಸ ಮಾಡುತ್ತಿದ್ದರಿಂದ ಅವಳ ಪ್ರೀತಿಯೂ ಜಗಳದ ಹಾಗೇ ಕೇಳಿಸುತ್ತಿತ್ತು. ನಾಲ್ಕೂವರೆಗೆ ಬಂದವಳು ಹಗಲಲ್ಲಿ ಮಂಕು ದೀಪದ ಕೆಳಗೆ ಚಾಪೆಯ ಮೇಲೆ ಕೂತ ನನ್ನನ್ನು ನೋಡಿದಳು. ಬಲ್ಬು ಆರಿತು, ನಾನು ಬೆರಳು ತುಟಿಗಿಟ್ಟು ಸುಮ್ಮನಿರು ಅಂತ ಸನ್ನೆ ಮಾಡಿದೆ. ಅವಳು ಸುಮ್ಮನಿರುವವಳಲ್ಲ. ಸಡಿಲ ಚಪ್ಪಡಿಯ ಮೇಲೇ ಕಾಲಿಟ್ಟು ಬಾಗಿಲು ಬಡಿದಳು. ಒಂದು ಕಾಗದ ಹಾಳಾಯಿತು. ಅಪ್ಪ ಹೊರಗೆ ಬಂದ.

"ಏಮಿರಾ ಇದಿ? ತಾಯಿಲ್ಲದ ಮಗೂನ ಹಿಂಗೆ ಕತ್ತಲಾಗೆ ಕೂರಿಸ್ಕೊಂಡು ಏನ್ ಮಾಡ್ತಿದೀಯೋ ನೀನು?"

"ದೀಪ ಇದೆಯಲ್ಲಕ್ಕ."

"ಇದು ದೀಪಾನಾ? ಕೆಂಡ ಇದು. ಇವಳು ಓದ್ಕಳದು ಹೆಂಗೆ? ಬೆಂಗಳೂರಿಗೆ ಹೋದಾಗ ಪಕ್ಕದೋರ ಮನೇಲಿ ಬಿಟ್ಟು ಹೋಗ್ತೀಯಂತೆ. ನೋಡು, ಇನ್ನೊಂದು ಸಲ ಹಂಗೆ ಬಿಟ್ಟು ಹೋದೆ ಅಂತ ಗೊತ್ತಾದ್ರೆ ಬಂದು ಕರ್ಕೊಂಡು ಹೋಗ್ತೀನಿ. ನಮ್ಮೂರಲ್ಲೂ ಸ್ಕೂಲಿದೆ."

ಅಪ್ಪ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಮತ್ತೆ ಒಳಗೆ ಹೋದ. ಅವನು ಏನೂ ಹೇಳದಿದ್ದರೆ ಅದು ಒಪ್ಪಿಗೆಯೂ ಆಗಬಹುದು, ಅಲ್ಲದೆಯೂ ಇರಬಹುದು. ಆ ಎರಡರಲ್ಲಿ ಯಾವುದೆಂದು ನನಗೆ ತಿಳಿಯಲಿಲ್ಲ. ಆಗ ಎಣಿಕೆ ಹದಿಮೂರಕ್ಕೆ ಬಂದಿತ್ತು. ಬಲ್ಬಿಗೆ ಮುಪ್ಪಾಗಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಸತ್ತರೆ ಅಪ್ಪ ಬೆಂಗಳೂರಿಗೆ ಹೋಗುತ್ತಾನೆ, ಅಪ್ಪ ಹೋದರೆ ಅತ್ತೆ ಬರುತ್ತಾಳೆ, ಅತ್ತೆ ಬಂದರೆ ನಾನು ಗೌರಿಬಿದನೂರಿಗೆ. ಒಂಬತ್ತು ವರ್ಷದ ತಲೆಗೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಇರಲಿಲ್ಲ. ಬಲ್ಬು ಬಾಳಬೇಕು, ಅಷ್ಟೇ.

ಮೊದಲು ನಾನು ದೇವರನ್ನು ಹಿಡಿದೆ. ಜುಬೇದಮ್ಮ ಮುರುಗಮಲ್ಲದ ದರ್ಗಾಕ್ಕೆ ಹೊರಟಾಗ ನಾನೂ ಬರುತ್ತೇನೆ ಅಂದೆ. ಅವಳು ತಲೆಯ ಮೇಲೆ ಸೆರಗು ಹೊದೆದು ಕೈಯೆತ್ತಿದಳು, ನಾನೂ ಎತ್ತಿದೆ. ವಾಪಸ್ ಬರುವ ಬಸ್ಸಿನಲ್ಲಿ ಏನು ಕೇಳಿಕೊಂಡೆ ಅಂತ ಕೇಳಿದಳು. ಬಲ್ಬು ಅಂದೆ. ಅವಳು ಊರು ಬರುವವರೆಗೂ ನನ್ನ ಮುಖ ನೋಡಿ ನೋಡಿ ನಕ್ಕಳು, ಆದರೆ ಇಳಿಯುವಾಗ ಆಗತ್ತೆ ಬಿಡು ಅಂದಳು.

ದೇವರ ಮೇಲೇ ಬಿಟ್ಟು ಕೂರುವ ಸ್ವಭಾವ ನನ್ನದಲ್ಲ. ಹಿಂದೊಮ್ಮೆ ಲೈನ್‌ಮನ್ ಒಬ್ಬ ಈ ಎರಡು ಬಲ್ಬಿನ ಏರ್ಪಾಡು ನೋಡಿ ಬೆರಗಾದಾಗ ಅಪ್ಪ ವಿವರಿಸಿದ್ದು ನೆನಪಿತ್ತು. "ಹೊರಗಡೆ ಬಲ್ಬು ಎಷ್ಟು ಚಿಕ್ಕದೋ ಒಳಗಿನದಕ್ಕೆ ಅಷ್ಟು ಆರಾಮ. ಆದ್ರೆ ತೀರಾ ಚಿಕ್ಕದು ಹಾಕಿದ್ರೂ ಕಷ್ಟ," ಅಂದಿದ್ದ. ನನಗೆ ಬೇಕಾದ ಮೊದಲರ್ಧವನ್ನು ಮಾತ್ರ ನಾನು ಇಟ್ಟುಕೊಂಡಿದ್ದೆ. ಒಂದು ಮಧ್ಯಾಹ್ನ ಅಪ್ಪ ಸ್ಟುಡಿಯೋದಲ್ಲಿ ಯಾರನ್ನೋ ಕೂರಿಸಿ ಫೋಟೋ ತೆಗೆಯುತ್ತಿದ್ದಾಗ, ಸ್ಟೂಲು ಹತ್ತಿ ನಡುಮನೆಯ ನೂರು ವ್ಯಾಟಿನ ಬಲ್ಬು ಬಿಚ್ಚಿದೆ. ಬಚ್ಚಲಿನಲ್ಲಿದ್ದ ನಲವತ್ತರ ಬಲ್ಬನ್ನು ಅಲ್ಲಿಗೆ ಹಾಕಿದೆ, ನೂರರದ್ದನ್ನು ಬಚ್ಚಲಿಗೆ. ಬಚ್ಚಲಿಗೆ ಗವಾಕ್ಷಿಯಿತ್ತು, ನಾವು ಹೊತ್ತೇರಿದ ಮೇಲೆ ಸ್ನಾನ ಮಾಡುವವರು, ಅಲ್ಲಿ ದೀಪ ಹಾಕುವ ಪ್ರಮೇಯವೇ ಇರಲಿಲ್ಲ. ಅಮ್ಮನ ಸೀರೆಯ ತುಂಡು ಸಿಗಲಿಲ್ಲವೆಂದು ನನ್ನ ಲಂಗದ ಅಂಚಿನಿಂದಲೇ ಬಲ್ಬು ಹಿಡಿದಿದ್ದೆ.

ಅಂದು ನಾಲ್ಕಕ್ಕೆ ಅಪ್ಪ ಒಳಗೆ ಹೋದ. ನಡುಮನೆಯ ಬಲ್ಬು ಹತ್ತಿತು. ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಹತ್ತಿತು. ಚಿಕ್ಕ ಬಲ್ಬು ದೊಡ್ಡದರ ಪಾಲನ್ನೂ ಕಸಿದುಕೊಂಡು ಉರಿಯುತ್ತದೆಂದು ನನಗೆ ಆಗ ತಿಳಿದಿರಲಿಲ್ಲ. ಬೆಳಕು ಡಬ್ಬಿಯ ಮರೆಯಿಂದ ನನ್ನ ಚಾಪೆಯ ಮೇಲೆ ಚೆಲ್ಲಿತು. ಅಪ್ಪನ ದನಿ ಬಾಗಿಲ ಆಚೆಯಿಂದ ಕೇಳಿಸಿತು, "ಇವತ್ತು ವೋಲ್ಟೇಜೇ ಇಲ್ಲ." ಒಳಗಿನದು ಮಿಣುಕುತ್ತಿರಬೇಕು, ಅದಕ್ಕೆ ಆರಾಮ ಸಿಕ್ಕಿದೆ ಎಂದು ನಾನು ಹಿಗ್ಗಿದೆ.

ಹೀಗೆ ಮೂರು ದಿನ ನಡೆಯಿತು. ನಾಲ್ಕನೆಯ ದಿನ ಹತ್ತನೇ ತರಗತಿಯವರ ಹಾಲ್ ಟಿಕೆಟ್ ಫೋಟೋಗಳಿದ್ದವು, ರಾಶಿ ಕೆಲಸ. ನಾನು ನೀರು ಕುಡಿಯಲು ಎದ್ದಿದ್ದೆ. ಒಂದು ಕಾಲು ಚಪ್ಪಡಿಯ ಈಚೆ ಇತ್ತು, ಇನ್ನೊಂದನ್ನು ಆಚೆ ಇಡಬೇಕು, ಅಷ್ಟರಲ್ಲಿ ಬಲ್ಬು ಆರಿತು. ನಿಂತೆ. ಎಣಿಸಿದೆ. ಹದಿನಾಲ್ಕಾಯಿತು. ಬಲ್ಬು ಹತ್ತಲಿಲ್ಲ. ನಾನೇ ಬೇಗ ಎಣಿಸಿದೆನೇನೋ ಅಂದುಕೊಂಡು ಮುಂದುವರಿಸಿದೆ. ಇಪ್ಪತ್ತಾಯಿತು, ಐವತ್ತಾಯಿತು. ಒಂದೇ ದಾರದ ಎರಡು ಬಲ್ಬು, ಒಂದು ಸತ್ತರೆ ಇನ್ನೊಂದಕ್ಕೂ ಕರೆಂಟಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಣಿಸುತ್ತಲೇ ಇದ್ದೆ, ಎಣಿಸುವವರೆಗೆ ಅದು ಸತ್ತಿಲ್ಲ ಅಂತ ಹಟ. ಎತ್ತಿದ ಕಾಲು ಕೆಳಗಿಡಲಿಲ್ಲ. ಇನ್ನೂರ ಹನ್ನೊಂದಕ್ಕೆ ಅಪ್ಪ ಬಾಗಿಲು ತೆರೆದ.

"ಹೋಯ್ತು ಕಣಮ್ಮ," ಅಂದ.

ನಾನು ಅತ್ತುಬಿಟ್ಟೆ. ಅಪ್ಪನಿಗೆ ಆಶ್ಚರ್ಯವಾಯಿತು. ಬಲ್ಬಿಗೆ ಯಾರಾದರೂ ಅಳುತ್ತಾರಾ ಅಂದ. ತಲೆಯ ಮೇಲೆ ಕೈಯಿಟ್ಟ, ಒದ್ದೆ ಕೈ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಡಬೇಕಿತ್ತು. ಇನ್ನೂ ಬೆಳಕು ಹರಿದಿರಲಿಲ್ಲ. ಅಪ್ಪ ಸ್ನಾನಕ್ಕೆ ಹೋಗಿ ಬಚ್ಚಲಿನ ಸ್ವಿಚ್ಚು ಹಾಕಿದ್ದು, ಬಚ್ಚಲು ಮದುವೆಮನೆಯ ಹಾಗೆ ಝಗ್ಗೆಂದದ್ದು ಹಾಸಿಗೆಯಿಂದಲೇ ಕಾಣಿಸಿತು. ನೀರು ಸುರಿಯುವ ಸದ್ದು ನಿಂತಿತು. ಟವೆಲು ಸುತ್ತಿಕೊಂಡು ಅಪ್ಪ ನಡುಮನೆಗೆ ಬಂದ, ಸ್ಟೂಲು ಹತ್ತಿ, ಬ್ಯಾಟರಿ ಬಿಟ್ಟು ಬಲ್ಬಿನ ಮೇಲಿನ ಅಂಕಿ ಓದಿದ. ಆಮೇಲೆ ನನ್ನ ಕಡೆ ನೋಡಿದ. ನಾನು ಕಣ್ಣು ಬಿಗಿಯಾಗಿ ಮುಚ್ಚಿದ್ದೆ. ನಿದ್ದೆ ಮಾಡುವವರು ಅಷ್ಟು ಬಿಗಿಯಾಗಿ ಮುಚ್ಚುವುದಿಲ್ಲ. ಅವನು ಬೈಯಲಿಲ್ಲ. ನನ್ನನ್ನು ಎಬ್ಬಿಸಿ, ತಲೆ ಬಾಚಿ, ಜುಬೇದಮ್ಮನ ಮನೆಗೆ ಬಿಟ್ಟು ಹೋದ. ಆ ಎರಡು ದಿನ ನಾನು ಅವರ ಜಗುಲಿಯ ಮೇಲೆ ಕೂತು ಗೌರಿಬಿದನೂರಿನ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದೆ.

ಅತ್ತೆ ಬರಲಿಲ್ಲ, ಅಪ್ಪ ಬಂದ. ಚೀಲದಲ್ಲಿ ಅಚ್ಚಿಲ್ಲದ ಹಾಲು ಬಣ್ಣದ ಬಲ್ಬಿತ್ತು. ಅದರ ಜೊತೆಗೆ ಒಂದು ಸುರುಳಿ ವೈರು, ಒಂದು ಹೋಲ್ಡರು, ಒಂದು ಸ್ವಿಚ್ಚು, ಅರವತ್ತರ ಒಂದು ಹೊಸ ಬಲ್ಬು. ಶರಟನ್ನೂ ಬಿಚ್ಚದೆ ಸ್ಟೂಲು ಹತ್ತಿ ನಡುಮನೆಗೆ ಬೇರೆಯೇ ವೈರು ಎಳೆದ. ಹಳೆಯ ಜೊತೆ ಬಲ್ಬನ್ನು ಕತ್ತಲ ಕೋಣೆಯೊಳಗೇ ಒಂದು ಮುಚ್ಚಳದ ಡಬ್ಬಿಗೆ ಹಾಕಿ, ಬಿಸಿ ಹೋಗಲು ತಳಕ್ಕೆ ತೂತು ಕೊರೆದ. ಹೊಸ ಬೆಳಕು ಒಳಗೆ ನುಸುಳದಂತೆ ಕತ್ತಲ ಕೋಣೆಯ ಬಾಗಿಲಿಗೆ ದಪ್ಪ ಕಪ್ಪು ಪರದೆ ಕಟ್ಟಿದ. ಎಲ್ಲ ಮುಗಿಸಿ ಹೊಸ ಸ್ವಿಚ್ಚು ಒತ್ತಿದ. ನಡುಮನೆಯ ಗೋಡೆಗಳು ಇಷ್ಟು ಕೊಳಕಾಗಿವೆಯೆಂದು ನನಗೆ ಆವತ್ತೇ ಗೊತ್ತಾದದ್ದು.

"ಓದಕ್ಕೆ ಬೆಳಕು ಸಾಲದು ಅಂತ ಒಂದು ಮಾತು ಹೇಳ್ಬಾರ್ದೇನಮ್ಮ? ನಾನೇನು ಬೇಡ ಅಂತಿದ್ನಾ?"

ಅವನ ಲೆಕ್ಕ ಸರಿಯಾಗೇ ಇತ್ತು. ಚಿಕ್ಕ ಬಲ್ಬು ಹಾಕಿದರೆ ಹೊರಗೆ ಬೆಳಕು ಹೆಚ್ಚುತ್ತದೆ, ಬಲ್ಬು ಬದಲಾಯಿಸಿದ್ದಾಳೆ ಅಂದರೆ ಮಗಳಿಗೆ ಬೆಳಕು ಬೇಕು, ಅಕ್ಕ ಹೇಳಿದ್ದೇ ನಿಜ. ಬೆಳಕಿಗಲ್ಲಪ್ಪ, ನಿನ್ನ ಬಲ್ಬು ಸಾಯಬಾರದು ಅಂತ, ನೀನು ಹೋಗಬಾರದು ಅಂತ. ಹಾಗೆಂದು ಹೇಳಲು ಬಾಯಿ ತೆರೆದೆ. ನಮ್ಮ ಮನೆಯಲ್ಲಿ ಅಂಥ ಮಾತು ಯಾರೂ ಆಡಿದ್ದು ನಾನು ಕೇಳಿರಲಿಲ್ಲ, ಹೇಗೆ ಶುರುಮಾಡುವುದೋ ತಿಳಿಯಲಿಲ್ಲ.

"ತಪ್ಪಾಯ್ತಪ್ಪ," ಅಂದೆ.

"ಈಗ ಸಾಕಾ ಬೆಳಕು?"

"ಸಾಕು."

ಅತ್ತೆ ಯುಗಾದಿಗೆ ಬಂದು ನೋಡಿ, ಈಗ ಇದು ಮನೆ ಅಂದಳು, ನನ್ನನ್ನು ಕರೆದೊಯ್ಯುವ ಮಾತು ಬಿಟ್ಟಳು. ನಾನು ಬಯಸಿದ್ದು ಉಳಿಯುವುದನ್ನು, ಉಳಿದೆ. ಆದರೆ ನಾಲ್ಕರಿಂದ ಆರು ಆ ಬೆಳ್ಳನೆಯ ದೀಪ ಒಂದೇ ಸಮ ಉರಿಯುತ್ತಿತ್ತು. ಅಪ್ಪ ಒಳಗೆ ಏನು ಮಾಡುತ್ತಿದ್ದಾನೆ, ಯಾವಾಗ ನಿಲ್ಲಬೇಕು, ಯಾವಾಗ ನಡೆಯಬಹುದು, ಒಂದೂ ತಿಳಿಯುತ್ತಿರಲಿಲ್ಲ. ಅದಕ್ಕೆ ಎರಡು ಗಂಟೆಯೂ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಹೊಸ ಬಲ್ಬಿನ ಎಣಿಕೆ ಎಂಟೋ ಒಂಬತ್ತೋ ನನಗೆ ಯಾರೂ ಹೇಳಲಿಲ್ಲ. ಕೆಲಸ ಮುಗಿದಾಗ ಟೀ ಇಡಮ್ಮ ಎಂದು ಒಳಗಿಂದ ಕೂಗುತ್ತಿದ್ದ, ಯಾರದೋ ಮಗಳನ್ನು ಕರೆದ ಹಾಗಿರುತ್ತಿತ್ತು. ಮಾಡಲು ಬೇರೇನೂ ಇಲ್ಲದ್ದಕ್ಕೆ ಓದಿದೆ. ಪಠ್ಯ ಮುಗಿದರೆ ಪೊಟ್ಟಣ ಕಟ್ಟಿದ ಕಾಗದ ಓದಿದೆ. ಹಾಗೆ ಓದಿ ಓದಿ ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಡಂ ಆದೆ. ಆ ಬಲ್ಬನ್ನು ನಾನೇ ಕೊಂದೆನೋ, ಅದರ ಆಯಸ್ಸೇ ಮುಗಿದಿತ್ತೋ ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಒಳಗಿನ ತಂತಿ ತೀರಾ ತಣ್ಣಗಾಗಿ ಪ್ರತಿ ಸಲ ಹೆಚ್ಚು ಏಟು ತಿಂದದ್ದು ನಿಜ, ಅದು ಹದಿನಾಲ್ಕರ ಮುದಿ ಬಲ್ಬು ಅನ್ನುವುದೂ ನಿಜ. ಲೆಕ್ಕ ಯಾವ ಕಡೆಗೂ ಬೀಳುವುದಿಲ್ಲ.

ಅಪ್ಪ ಈಗ ನನ್ನ ಜೊತೆಗೇ ಇದ್ದಾನೆ. ಎಂಬತ್ತು ದಾಟಿದ ಮೇಲೆ ಅವನಿಗೆ ಮಾತು ಬಂದಿದೆ. ನನ್ನ ಶಾಲೆಯ ಮಕ್ಕಳು ಮನೆಗೆ ಬಂದರೆ ಕೂರಿಸಿಕೊಂಡು ಒಂದೇ ಕಥೆ ಹೇಳುತ್ತಾನೆ. ಮೊನ್ನೆ ಸಂಜೆಯೂ ಇಬ್ಬರು ಹುಡುಗಿಯರು ನೋಟ್‌ಬುಕ್ ಕೊಡಲು ಬಂದಿದ್ದರು.

"ನಿಮ್ಮ ಮೇಡಂಗೆ ಓದೋ ಹುಚ್ಚು ಎಷ್ಟಿತ್ತು ಅಂದ್ರೆ, ಬೆಳಕು ಬೇಕು ಅಂತ ನನ್ನ ಬಲ್ಬನ್ನೇ ಸುಟ್ಟಾಕಿದ್ಳು. ಅಲ್ವೇನಮ್ಮ?"

"ಹೌದಪ್ಪ," ಅಂದೆ. ಈ ವಯಸ್ಸಿನಲ್ಲಿ ಅವನಿಂದ ಆ ಹೆಮ್ಮೆ ಕಸಿದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಹುಡುಗಿಯರು ಹೋದರು. ಅಪ್ಪ ತನ್ನ ಕೋಣೆಗೆ ಹೋಗಿ ಮಂಚದ ಮೇಲೆ ಕೂತ. ನಾನು ಅವನ ತಟ್ಟೆಗೆ ಮುದ್ದೆ ಹಾಕಿ, ಸಾರು ಬಿಟ್ಟು, ಹೊಸ್ತಿಲ ಹತ್ತಿರ ಬಂದಿದ್ದೆ. ಕರೆಂಟು ಹೋಯಿತು. ಯುಪಿಎಸ್ ಕೆಟ್ಟು ಮೂರು ದಿನವಾಗಿತ್ತು. ಐವತ್ತೈದು ವರ್ಷದ ಹೆಂಗಸು, ಕೈಯಲ್ಲಿ ತಟ್ಟೆ, ಒಂದು ಕಾಲು ಹೊಸ್ತಿಲ ಈಚೆ, ಹಾಗೇ ನಿಂತೆ. ಈ ಅಭ್ಯಾಸ ಹೋಗಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಮನಸ್ಸಿನಲ್ಲೇ ಎಣಿಸತೊಡಗಿದೆ. ಮೂರಕ್ಕೋ ನಾಲ್ಕಕ್ಕೋ ಕತ್ತಲೊಳಗಿಂದ ಗುನುಗು ಕೇಳಿಸಿತು. ಐದು, ಆರು, ಏಳು. ಅಪ್ಪ ಎಣಿಸುತ್ತಿದ್ದ, ಅದೇ ವೇಗ. ಎಂಟಕ್ಕೆ ನಿಲ್ಲಿಸಲಿಲ್ಲ. ಹನ್ನೆರಡು, ಹದಿಮೂರು. ಹದಿನಾಲ್ಕಕ್ಕೆ ನಿಲ್ಲಿಸಿದ. ಕರೆಂಟು ಬಂದಿರಲಿಲ್ಲ.

"ಆಯ್ತು ಕಣಮ್ಮ," ಅಂದ ಕತ್ತಲಲ್ಲಿ. "ಇನ್ನು ಕಾಲು ಇಡು."

ನಾನು ಹೊಸ್ತಿಲು ದಾಟಿ ಒಳಗೆ ಹೋದೆ.